ಚೂಡು ಅಲ್ಲ ಸಾರ್, ಸುಡೋ!

ಶಾಲೆಯ ಗಂಟೆಯೊಂದನ್ನು ಬಿಟ್ಟರೆ, ನಾನು ಮುಟ್ಟಿದ ಯಾವ ವಸ್ತುವೂ ಮೊದಲ ಸಲಕ್ಕೇ ಸದ್ದು ಮಾಡಿದ್ದಿಲ್ಲ. ಮಿಕ್ಸಿ, ರೇಡಿಯೊ, ಸ್ಕೂಟರು, ಯಾವುದಕ್ಕೂ ನನ್ನ ಕೈ ಕಂಡರೆ ಆಗದು. ನಮ್ಮ ನೆಟ್‌ಬುಕ್ಕೂ ಅದೇ ಜಾತಿ.

ಅದು ಹಳೆಯ ಪುಟ್ಟ ಲ್ಯಾಪ್‌ಟಾಪು, ಪಠ್ಯಪುಸ್ತಕದಷ್ಟು ಅಗಲ. ವಿಂಡೋಸಿನ ಭಾರ ಹೊರಲಾರದೆಂದು ಲಿನಕ್ಸ್ ಹಾಕಿಸಿದ್ದೆ. ತಂದ ಹೊಸದರಲ್ಲಿ, ಕ್ಯಾಮೆರಾ ಸರಿಯಿದೆಯೇ ಎಂದು ತಿಳಿಯಲು ನನ್ನ ಹೆಂಡತಿಯನ್ನು ಅದರ ಮುಂದೆ ಕೂರಿಸಿ ಸಣ್ಣದೊಂದು ವಿಡಿಯೊ ತೆಗೆದಿದ್ದೆ. ಅವಳು ಏನೋ ಹೇಳಿದಳು. ನಾನು ಕ್ಯಾಮೆರಾದ ದೀಪವನ್ನು ನೋಡುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು. ಈಗ ಅವಳ ಧ್ವನಿ ಇರುವುದು ಆ ಫೈಲಿನಲ್ಲಿ ಮಾತ್ರ. ಫೈಲು ಕಾಣುತ್ತದೆ, ಒತ್ತಿದರೆ, ತೆರೆಯಲು ಮೀಡಿಯಾ ಪ್ಲೇಯರ್ ಇಲ್ಲ ಎನ್ನುತ್ತದೆ. ಪೆನ್‌ಡ್ರೈವಿಗೆ ಎಳೆದುಕೊಂಡು ಬೇರೆಲ್ಲಾದರೂ ನೋಡಿ ಎಂದರು ಎಲ್ಲರೂ. ಎಳೆಯುವಾಗ ನಡುದಾರಿಯಲ್ಲಿ ಉಳಿದುಬಿಟ್ಟರೆ? ಪ್ಲೇಯರನ್ನೇ ಹಾಕುವುದೆಂದು ನಿಶ್ಚಯಿಸಿದೆ.

ಏಕವಚನ

ನಾನು ಶ್ರೀನಿವಾಸಪುರದಲ್ಲಿ ಕನ್ನಡ ಮೇಷ್ಟ್ರು. ಮಾಲೂರಿನ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವರೊಬ್ಬರು ನನಗೆ ಪರಿಚಯ, ವಯಸ್ಸಿನಲ್ಲಿ ಚಿಕ್ಕವರು. ಫೋನ್ ಮಾಡಿದೆ.

"ಪರದೆ ಮೇಲೆ ಆ ಕಪ್ಪು ಕಿಟಕಿ ತೆಗೆದ್ರಾ ಸಾರ್? ಈಗ ಸುಡೋ."

"ಏನನ್ನ?"

"ಸುಡೋ ಸಾರ್, ಸುಡೋ!"

"ರೀ, ಸುಡೋದು ಆಮೇಲಿರಲಿ. ನನಗೆ ಏಕವಚನ ಯಾಕೆ?"

"ಅಯ್ಯೋ, ನಿಮಗಲ್ಲ ಸಾರ್! ಕಂಪ್ಯೂಟರ್‌ಗೆ ಹೇಳೋ ಮಾತು. ಹಾಗಂದ್ರೇನೇ ಅದು ಯಜಮಾನರ ಅಪ್ಪಣೆ ಅಂತ ಕೇಳೋದು. ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ."

ಯಾವುದಕ್ಕೂ ಇರಲಿ ಎಂದು 'ಸುಡಿ' ಎಂದು ಹೊಡೆದೆ. ಅಂಥ ಆಜ್ಞೆಯೇ ಇಲ್ಲ ಎಂದಿತು. ಅಷ್ಟರಲ್ಲಿ ಫೋನೂ ಕಡಿದುಹೋಯಿತು. ಮರ್ಯಾದೆ ಕೊಟ್ಟರೆ ಮಾತು ಕೇಳದವರನ್ನು ಒಂಬತ್ತನೇ ತರಗತಿಯಲ್ಲಿ ಕಂಡಿದ್ದೆ. ಯಂತ್ರದಲ್ಲಿ ಕಂಡದ್ದು ಅದೇ ಮೊದಲು.

ನೋಡಿದ್ದಾಯ್ತು

ಭಾನುವಾರ ನೆಟ್‌ಬುಕ್ ಹೊತ್ತುಕೊಂಡೇ ಮುಳಬಾಗಿಲು ದಾಟಿ ನಂಗಲಿಗೆ ಹೋದೆ. ಅದು ನನ್ನ ಹೆಂಡತಿಯ ತವರು. ಮನೆಯ ಮುಂದೆಯೇ ಹೈವೇ, ಬಿಡುವಿಲ್ಲದ ಲಾರಿಗಳ ಹಾರನ್ನು. ಮನೆಯೊಳಗೆ ತೆಲುಗು. ನನ್ನ ಕೈಗಳೆರಡೂ ಕೀಬೋರ್ಡಿನ ಮೇಲಿದ್ದದ್ದರಿಂದ, ಫೋನ್ ಹಿಡಿದು ಮಾಲೂರಿನವರ ಮಾತನ್ನು ನನಗೆ ದಾಟಿಸುವ ಕೆಲಸ ಭಾವಮೈದನದು.

"ಏನಂತಾರೆ?"

"ಚೂಡು ಅಂತಾರೆ ಬಾವ."

ತೆಲುಗಿನಲ್ಲಿ ಚೂಡು ಎಂದರೆ ನೋಡು. ನೋಡಿದೆ.

"ನೋಡಿದ್ದಾಯ್ತು. ಆಮೇಲೆ?"

"ಇನ್ನೂ ಚೂಡು ಅಂತಾನೇ ಇದಾರೆ. ಸ್ವಲ್ಪ ಕೋಪ ಬಂದಂಗಿದೆ."

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅತ್ತೆಯೂ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತು ನೋಡಿದರು. ಕಪ್ಪು ಕಿಟಕಿಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು, ಅಷ್ಟೇ. ಕಡೆಗೆ ಫೋನಿನಿಂದ ಬಂದ ಕೂಗು ಲಾರಿಯ ಹಾರನ್ನೂ ಮೀರಿ ನನಗೇ ಕೇಳಿಸಿತು:

"ಚೂಡು ಅಲ್ಲ ಸಾರ್, ಸುಡೋ! ಎಸ್, ಯು, ಡಿ, ಓ!"

ಅತ್ತೆ ಸೆರಗು ಕೊಡವಿಕೊಂಡು ಎದ್ದರು. "ನೋಡೋದು ಬೇಡ, ಸುಟ್ಟುಬಿಡು ಅಂತಾನಲ್ಲ, ಅದೆಂಥಾ ಮೇಷ್ಟ್ರಪ್ಪಾ ಅವನು!"

ಧೂಳೂ ಇರಲ್ಲ

ಸುಡೋ ಸರಿಯಾಯಿತು. ಕೂಡಲೇ ಪಾಸ್‌ವರ್ಡ್ ಕೇಳಿತು. ಹೊಡೆದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಕೋಲಾರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಸಾಬರು ತಮ್ಮದೊಂದು ಮೌಸು ಸಿಕ್ಕಿಸಿ, ಅಲ್ಲಿಲ್ಲಿ ಒತ್ತಿ ನೋಡಿದರು.

"ಲಿನಕ್ಸ್ ಗಿನಕ್ಸ್ ಕಾಯ್ಕೂ ಮಾಸ್ಟರ್ ಸಾಬ್? ಎಲ್ಲ ಅಳಿಸಿ ಫ್ರೆಶ್ಶಾಗಿ ವಿಂಡೋಸ್ ಹಾಕಿಕೊಡ್ತೀನಿ. ನೀವು ಟೀ ಕುಡಿದು ಬರೋದ್ರಲ್ಲಿ ಮುಗೀತು."

"ಎಲ್ಲ ಅಂದ್ರೆ?"

"ಎಲ್ಲ. ಒಳಗೆ ಧೂಳೂ ಇರಲ್ಲ."

ಅವರ ಬೆರಳು ಆಗಲೇ ಗುಂಡಿಯ ಹತ್ತಿರವಿತ್ತು. ನೆಟ್‌ಬುಕ್ ಕಸಿದು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹಿಂದಿರುಗಿ ನೋಡದೆ ನಡೆದೆ. ಬಸ್ಸು ಹೊರಟ ಮೇಲೆ ಪಕ್ಕದ ಸೀಟಿನಾಕೆ ಮೊಣಕೈ ತಿವಿದು, "ಸ್ವಾಮಿ, ನಿಮ್ಮದೇನೋ ನೇತಾಡ್ತಿದೆ" ಎಂದರು. ಸಾಬರ ಮೌಸು ಬಾಲದಂತೆ ತೂಗುತ್ತಿತ್ತು.

ಮರುದಿನ ಅದನ್ನು ಹಿಂದಿರುಗಿಸಲು ಮತ್ತೆ ಕೋಲಾರ. ಅಲ್ಲಿಂದಲೇ ಮಾಲೂರಿಗೆ ಫೋನ್ ಮಾಡಿದರೆ ಅವರು ಹೇಳುತ್ತಾರೆ: "ಕೀಬೋರ್ಡ್ ಚೆನ್ನಾಗೇ ಇದೆ ಸಾರ್. ಪಾಸ್‌ವರ್ಡ್ ಕಾಣಿಸೋದೇ ಇಲ್ಲ. ನಂಬಿಕೆ ಇಟ್ಟು ಹೊಡೀಬೇಕು."

ಇಷ್ಟು ದೊಡ್ಡ ಮಾತನ್ನು ಆ ಮನುಷ್ಯ ಮೊದಲೇ ಹೇಳಬಾರದಿತ್ತೇ!

ಹುಬ್ಬಿನ ಭಾಷೆ

ನಂಬಿಕೆ ಇಟ್ಟು ಹೊಡೆದೆ. ಪ್ಲೇಯರ್ ಬಂತು. ಫೈಲು ತೆರೆಯಿತು. ಅವಳು ಬಂದು ಕೂತಳು, ನೇರವಾಗಿ ನನ್ನನ್ನು ನೋಡಿ ಮಾತಾಡಿದಳು. ತುಟಿ ಆಡಿತು, ಸದ್ದು ಬರಲಿಲ್ಲ.

ಸ್ಟಾಫ್‌ರೂಮಿನಲ್ಲಿ ತೋರಿಸಿದೆ. ಹೆಡ್‌ಮೇಡಂ "ಹಾಡ್ತಿದಾರೆ ಪಾಪ" ಎಂದರು. ಹಿಂದಿ ಮೇಷ್ಟ್ರು "ಯಾರಿಗೋ ಆಶೀರ್ವಾದ ಮಾಡ್ತಿದಾರೆ" ಎಂದರು. ಹಾಡುವವಳಲ್ಲ ಅವಳು, ಆಶೀರ್ವಾದ ಮಾಡುವ ವಯಸ್ಸೂ ಆಗಿರಲಿಲ್ಲ. ಸಂಜೆ ಪಕ್ಕದ ಮನೆಯಾಕೆಗೆ ತೋರಿಸಿದೆ. ಗೋಡೆಯಾಚೆ ಇದ್ದುಕೊಂಡು ನಮ್ಮ ಸಂಸಾರವನ್ನೆಲ್ಲ ಕೇಳಿಸಿಕೊಂಡವರು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಬೈತಾ ಇದಾರೆ ಮೇಷ್ಟ್ರೇ. ಆ ಹುಬ್ಬು ನನಗೆ ಗೊತ್ತಿಲ್ವಾ?"

"ಯಾರನ್ನಮ್ಮಾ?"

"ಮನೇಲಿ ಇನ್ನ್ಯಾರಿದ್ರು?"

ಕಡೆಯ ಅಪ್ಪಣೆ

ಚಿತ್ರಕ್ಕೊಂದು, ಸದ್ದಿಗೊಂದು ತಂತ್ರಾಂಶ ಬೇರೆ ಬೇರೆ ಹಾಕಬೇಕಂತೆ. ಮತ್ತೆ ಫೋನು. ಈ ಸಲ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟುಕೊಂಡೆ. ಮಾಲೂರಿನವರ ದನಿಯಲ್ಲಿ ಕಸುವೇ ಉಳಿದಿರಲಿಲ್ಲ.

"ಸಾರ್, ಕೈ ಮುಗಿದು ಕೇಳ್ಕೋತೀನಿ. ಮೊದಲನೇ ಪದ ಸುಡೋ. ಚೂಡು ಅಲ್ಲ, ಸುಡಿ ಅಲ್ಲ. ಹೊಡೆದ್ರಾ?"

"ಹೊಡೆದೆ."

"ಪಾಸ್‌ವರ್ಡು?"

"ನಂಬಿಕೆ ಇಟ್ಟು ಹೊಡೆದೆ."

ಸಾಲುಗಳು ಸರಸರನೆ ಮೇಲೇರಿ ನಿಂತವು. ಫೈಲು ಒತ್ತಿದೆ. ಅವಳು ಬಂದು ಕೂತಳು. ಬಾಯಿ ತೆರೆದಳು.

"ಚೂಡಂಡಿ!"

ಫೋನಿನವರು ಅಳುವುದೊಂದು ಬಾಕಿ. "ಸಾರ್! ಮತ್ತೆ ಚೂಡು ಅಂತೀರಲ್ಲ ಸಾರ್! ಎಷ್ಟು ಸಲ ಹೇಳಲಿ, ಚೂಡು ಅಲ್ಲ, ಸುಡೋ!"

"ನಾನಲ್ಲ ಕಣ್ರೀ," ಎಂದೆ. "ನಮ್ಮ ಮನೆಯವರು."

ಅವಳು ಮುಂದುವರಿಸಿದಳು, ಹುಬ್ಬು ಗಂಟಿಕ್ಕಿಕೊಂಡೇ: "ಏಮಂಡಿ, ಆ ದೀಪಾನ ಯಾಕೆ ನೋಡ್ತೀರಾ? ಇಕ್ಕಡ ಚೂಡಂಡಿ. ನನ್ನ ನೋಡಿ, ನನ್ನ."

ಮಾಲೂರಿನವರು ಈ ಸಲ ಕೂಗಲಿಲ್ಲ.

"ಮೇಡಮ್ಮೇ ಹೇಳಿದ ಮೇಲೆ ಚೂಡೇ ಸರಿ ಸಾರ್. ನೀವು ನೋಡಿ."