ಗುಮಾಸ್ತರ ಗರಗಸ

ತಪ್ಪೆಲ್ಲ ಅಕ್ಷರದ್ದು. ಟಿಂಬರ್ ಡಿಪೋದ ಗುಮಾಸ್ತರ ಬರವಣಿಗೆ ಮುತ್ತು ಪೋಣಿಸಿದ ಹಾಗಿರದೆ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಅವತ್ತು ಅವರ ಪ್ರಾಣಕ್ಕೆ ಸಂಚಕಾರ ಬರುತ್ತಲೇ ಇರಲಿಲ್ಲ.

ತಿಂಗಳ ಹಿಂದೆ ಮ್ಯಾನೇಜರು ಚೈನ್ ಸಾ, ಅಂದರೆ ಹೊಸ ಎಂಜಿನ್ ಗರಗಸದ ಜೊತೆ ಬಂದಿದ್ದ ಪುಸ್ತಕವನ್ನು ಅವರ ಕೈಗಿಟ್ಟು, "ಇದರಲ್ಲಿರೋ ಎಚ್ಚರಿಕೆ ಎಲ್ಲಾ ದೊಡ್ಡ ಬೋರ್ಡ್ ಮೇಲೆ ಬರೀರಿ" ಎಂದಿದ್ದರು. ಗುಮಾಸ್ತರು ಬರೆದರು. ಕೆಂಪಿನಲ್ಲಿ ತಲೆಬರಹ, ನೀಲಿಯಲ್ಲಿ ಹನ್ನೆರಡು ಎಚ್ಚರಿಕೆ, ಕೆಳಗೆ ಮೂಲೆಯಲ್ಲಿ, ಯಾರೂ ಕೇಳದಿದ್ದರೂ, ತಮ್ಮ ಸಹಿ.

ಆ ಸಹಿಯೇ ಈಗ ಕುತ್ತಿಗೆಗೆ ಬಂದಿತ್ತು. ಬೆಳಿಗ್ಗೆ ಬಂದ ಸುರಕ್ಷತಾ ಅಧಿಕಾರಿ ಬೋರ್ಡನ್ನು ಎರಡು ಸಲ ಓದಿ, "ಇದನ್ನ ಬರೆದಿರೋರು ಯಾರು? ಅವರೇ ಮಿಷನ್ ಹಿಡಿದು ತೋರಿಸಲಿ" ಎಂದುಬಿಟ್ಟರು.

ಗುಮಾಸ್ತರು ಪೆನ್ಸಿಲನ್ನು ಕೂಡ ಬ್ಲೇಡಿನಲ್ಲಿ ಹೆರೆದವರಲ್ಲ. ಅಂಗಳದಲ್ಲಿ ಗರಗಸ ಶುರುವಾದರೆ ಹಿಂದಿನ ಗೇಟಿನಿಂದ ಸುತ್ತು ಹಾಕಿ ಕಚೇರಿಗೆ ಬರುತ್ತಿದ್ದವರು.

"ಸಾರ್, ನಾನು ಬರೀ..." ಎಂದು ಬಾಯಿ ತೆರೆದರು. ಮ್ಯಾನೇಜರು ತೋಳು ಹಿಡಿದು ಪಕ್ಕಕ್ಕೆಳೆದು ಪಿಸುಗುಟ್ಟಿದರು. "ಸುಮ್ನಿರಿ ಮಾರಾಯ್ರೇ! ಅವರು ಒಂದು ಗೀಟು ಎಳೆದ್ರೆ ಡಿಪೋಗೆ ಬೀಗ. ಇಪ್ಪತ್ತು ಜನ ಮನೆಗೆ ಹೋಗಬೇಕಾಗತ್ತೆ."

ಗುಮಾಸ್ತರು ಗರಗಸದ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಆಕಾಶ ನೋಡಿದ.

ಸರಿ, ಹೊತ್ತು ಕಳೆಯೋಣ, ಅಧಿಕಾರಿಗೆ ಬೇಜಾರಾಗಿ ಹೊರಟಾರು ಎಂದು ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಮೊದಲನೇ ಎಚ್ಚರಿಕೆ, ಉಡುಪು!" ಎಂದು ಘೋಷಿಸಿ ಒಳಗೆ ಹೋದವರು ಹೊರಬರಲು ಮುಕ್ಕಾಲು ಗಂಟೆ ಹಿಡಿಯಿತು. ಹೆಲ್ಮೆಟ್ಟು, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಮೊಣಕೈವರೆಗೆ ಕೈಗವಸು, ಮೇಸ್ತ್ರಿಯ ಅಳತೆಯ ದಪ್ಪ ಪ್ಯಾಂಟು, ಕಬ್ಬಿಣದ ಮೂತಿಯ ಬೂಟು. ಒಳಗೆ ಇರುವವರು ಯಾರೆಂದು ಹೇಳುವುದೇ ಕಷ್ಟವಾಗಿತ್ತು.

"ಅಯ್ಯೋ, ನಮ್ ಗುಮಾಸ್ತರಾ ಇದು? ಚಂದ್ರನ ಮೇಲೆ ಇಳಿಯೋಕೆ ಹೊರಟ ಹಾಗಿದೆ!" ಎಂದಳು ಟೈಪಿಸ್ಟು.

"ಏನಂದ್ರಿ?" ಎಂದರು ಗುಮಾಸ್ತರು. ಕಿವಿ ಮುಚ್ಚಿತ್ತು.

"ಚೆನ್ನಾಗಿ ಒಪ್ಪತ್ತೆ ಅಂದೆ!"

"ಊಟಕ್ಕೆ ಇನ್ನೂ ಹೊತ್ತಿದೆಯಮ್ಮ" ಎಂದರು ಗುಮಾಸ್ತರು.

ಎರಡನೇ ಎಚ್ಚರಿಕೆ, ಜನ ದೂರ ನಿಲ್ಲುವುದು. ಗುಮಾಸ್ತರು ಟೇಪು ಹಿಡಿದು ಇಪ್ಪತ್ತು ಅಡಿ ಅಳೆದು ಸುಣ್ಣದಲ್ಲಿ ಗೆರೆ ಎಳೆದರು. ಗೆರೆ ಸೊಟ್ಟಗಾಯಿತೆಂದು ಅಳಿಸಿ ಮತ್ತೆ ಎಳೆದರು. ಮ್ಯಾನೇಜರನ್ನೇ ಮೂರು ಸಲ ಹಿಂದೆ ಸರಿಸಿದರು. ಅಧಿಕಾರಿ ಹೋಗುವ ಸೂಚನೆ ಮಾತ್ರ ಇರಲಿಲ್ಲ. ನೋಟುಪುಸ್ತಕ ತೆಗೆದು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. "ಇಪ್ಪತ್ತೇ ಅಡಿ ಯಾಕೆ?" "ಗೆರೆ ದಾಟಿದ್ರೆ?" ಎಂದು ಕೇಳುತ್ತಲೂ ಇದ್ದರು.

ಮೂರನೆಯದು, ದಿಮ್ಮಿಯಲ್ಲಿ ಮೊಳೆ ಇದೆಯೇ ನೋಡುವುದು. ಗುಮಾಸ್ತರು ಮಂಡಿಯೂರಿ ದಿಮ್ಮಿಯ ಮೇಲೆ ಕೈಯಾಡಿಸುತ್ತಾ ಒಂದೊಂದಂಗುಲ ತೆವಳಿದರು. ಏನೂ ಇರುವುದಿಲ್ಲ, ಆದರೆ ಅರ್ಧ ಗಂಟೆಯಾದರೂ ಹೋಗುತ್ತದೆ ಎಂದುಕೊಂಡಿದ್ದರು. ತೊಗಟೆಯ ಅಡಿಯಲ್ಲಿ ಬೆರಳುದ್ದದ ತುಕ್ಕು ಹಿಡಿದ ಮೊಳೆ ಸಿಕ್ಕಿತು.

ಮೇಸ್ತ್ರಿಯ ಮುಖ ಬಿಳಿಚಿತು. "ನಿನ್ನೆ ಸಂಜೆ ಅಲ್ಲೇ ಕೊಯ್ಯಬೇಕು ಅಂತಿದ್ದೆ. ಚೈನ್ ಕಿತ್ಕೊಂಡು ಮುಖಕ್ಕೇ ಬರ್ತಿತ್ತು, ಸ್ವಾಮಿ."

ಈಗ ಎಲ್ಲರೂ ಗುಮಾಸ್ತರನ್ನು ಭಕ್ತಿಯಿಂದ ನೋಡತೊಡಗಿದರು. ತಪ್ಪಿಸಿಕೊಳ್ಳುವ ಕೊನೆಯ ಬಾಗಿಲೂ ಮುಚ್ಚಿತು.

ಮೇಸ್ತ್ರಿ ಮೊಳೆ ಕಿತ್ತು ಎಸೆದು, ಪಕ್ಕಕ್ಕೆ ಬಂದು, ಗುಮಾಸ್ತರ ಕಿವಿ ಮುಚ್ಚಳ ಎತ್ತಿ ಹೇಳಿಕೊಟ್ಟ. "ಮಿಷನ್ ನೆಲದ ಮೇಲಿಡಿ. ಬ್ರೇಕ್ ಹಾಕಿದೆಯಾ ನೋಡಿ. ಬಲಗಾಲು ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿ ಮೇಲೆ. ಈಗ ಎಂಜಿನ್ ಶುರು ಮಾಡೋ ಹಗ್ಗ ಎಳೀರಿ. ಕೊಯ್ಯೋವಾಗ ಅಲಗಿನ ತುದಿ ಮರಕ್ಕೆ ತಾಗಿಸಬೇಡಿ, ಮಿಷನ್ ನಿಮ್ಮ ಕಡೆಗೇ ಒದೀತದೆ. ಒಂದು ಕೈಯನ್ನೂ ಬಿಡಬೇಡಿ. ನಿಮ್ಮ ಬೋರ್ಡಲ್ಲೇ ಇದೆಯಲ್ಲ!" ಎಂದವನೇ ಗೆರೆಯಾಚೆ ಓಡಿದ.

ಗುಮಾಸ್ತರು ಹಗ್ಗ ಎಳೆದರು. ಮೊದಲ ಸಲ ಕೆಮ್ಮು. ಎರಡನೇ ಸಲ ಸೀನು. ಮೂರನೇ ಸಲಕ್ಕೆ ಗರಗಸ ಹಸಿದ ಹುಲಿಯಂತೆ ಗುಡುಗಿತು. ಗುಮಾಸ್ತರು ಅಡಿಯಿಂದ ಮುಡಿವರೆಗೆ ನಡುಗಿದರು. ಮಿಷನ್ನೂ ಅಷ್ಟೇ ನಡುಗುತ್ತಿದ್ದುದರಿಂದ ಯಾರ ನಡುಕ ಯಾವುದೆಂದು ಒಬ್ಬರಿಗೂ ತಿಳಿಯಲಿಲ್ಲ. ಬ್ರೇಕು ಬಿಟ್ಟು, ಮನೆದೇವರಿಂದ ಹಿಡಿದು ಹೆಂಡತಿಯವರೆಗೆ ಎಲ್ಲರನ್ನೂ ನೆನೆದು, ಮರಕ್ಕೆ ಇಟ್ಟರು. ಹೊಟ್ಟು ಹಾರಿತು. ಬೆಣ್ಣೆ ಕೊಯ್ದಂತೆ ಒಂದು ದುಂಡನೆ ತುಂಡು ಉರುಳಿ ಬಿತ್ತು.

ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ, ಕೆಳಗಿಟ್ಟು ನೋಡಿದರೆ ಹತ್ತೂ ಬೆರಳು ಕೈಗವಸಿನಲ್ಲೇ ಇದ್ದವು. ಎಣಿಸಿ ಖಾತ್ರಿ ಮಾಡಿಕೊಂಡರು. ಚಪ್ಪಾಳೆ ಮೊಳಗಿತು.

"ಇನ್ಮೇಲೆ ಪ್ರತಿ ಸೋಮವಾರ ಗುಮಾಸ್ತರೇ ಎಲ್ಲರಿಗೂ ಹೀಗೆ ತೋರಿಸ್ತಾರೆ!" ಎಂದು ಮ್ಯಾನೇಜರು ಸಂತೋಷದಲ್ಲಿ ಕೂಗಿದರು.

ಪ್ರತಿ ಸೋಮವಾರ! ಇನ್ನು ಮುಚ್ಚಿಟ್ಟರೆ ಉಳಿಗಾಲವಿಲ್ಲ. ಅಧಿಕಾರಿ ಜೀಪಿನ ಬಳಿ ಒಬ್ಬರೇ ಸಿಕ್ಕಾಗ ಗುಮಾಸ್ತರು ಕೈಮುಗಿದು ಎಲ್ಲವನ್ನೂ ಒಪ್ಪಿಸಿದರು.

"ಸಾರ್, ಡಿಪೋಗೆ ಏನೂ ಮಾಡಬೇಡಿ, ತಪ್ಪು ನನ್ನದು. ನಾನು ಬರೀ ಬೋರ್ಡ್ ಬರೆದವನು. ಇವತ್ತಿನವರೆಗೆ ಆ ಮಿಷನ್ ಮುಟ್ಟಿರಲಿಲ್ಲ. ಕಂಡ್ರೆ ಹೆದರಿಕೆ. ಸೋಮವಾರದ ಕೆಲಸ ಬೇರೆಯವರಿಗೆ ಕೊಡಿಸಿ ಸಾರ್, ನಿಮ್ ಕಾಲಿಗೆ ಬೀಳ್ತೀನಿ."

ಅಧಿಕಾರಿ ಸುತ್ತಮುತ್ತ ನೋಡಿದರು. ಹತ್ತಿರ ಬಂದು ದನಿ ತಗ್ಗಿಸಿದರು.

"ಮುಟ್ಟದೇ ಇದ್ದವರು ಒಂದೇ ದಿನದಲ್ಲಿ ಇಷ್ಟು ಮಾಡಿದಿರಾ? ನಾನು ಹೋದ ವಾರದವರೆಗೆ ಜನನ ಮರಣ ನೋಂದಣಿಯಲ್ಲಿದ್ದೆ ಕಣ್ರೀ. ವರ್ಗ ಮಾಡಿ ಇಲ್ಲಿಗೆ ಹಾಕಿದ್ದಾರೆ. ಗರಗಸ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ನನಗೆ ಗೊತ್ತಿರಲಿಲ್ಲ. ಇವತ್ತು ನಿಮ್ಮನ್ನ ನೋಡಿ ಬರಕೊಂಡಿದ್ದೇ ನನ್ನ ವಿದ್ಯೆ."

"ಹಾಗಾದ್ರೆ ಸೋಮವಾರ...?" ಎಂದರು ಗುಮಾಸ್ತರು.

"ಸೋಮವಾರದ ಚಿಂತೆ ಬಿಡಿ" ಎಂದು ಅಧಿಕಾರಿ ಅವರ ಬೆನ್ನು ತಟ್ಟಿದರು. "ನಿಮ್ಮನ್ನ ನಮ್ಮ ಇಲಾಖೆಗೇ ಆರು ತಿಂಗಳು ಎರವಲು ತಗೋತೀನಿ, ಮ್ಯಾನೇಜರ್ ಇಲ್ಲ ಅನ್ನಲ್ಲ. ದಿನಾ ಒಂದೊಂದು ಡಿಪೋ. ನೀವು ತೋರಿಸಿ, ನಾನು ಪಕ್ಕದಲ್ಲಿ ನಿಂತು ತಲೆ ಆಡಿಸ್ತೀನಿ. ನಾಳೆ ಬೆಳಿಗ್ಗೆ ಏಳಕ್ಕೆ ಜೀಪು ಮನೆ ಮುಂದೆ ಇರತ್ತೆ."

"ನಾಳೆ... ಇದೇ ಥರ ದಿಮ್ಮಿ ತಾನೇ ಸಾರ್?" ಎಂದು ಗುಮಾಸ್ತರ ದನಿ ಕ್ಷೀಣವಾಗಿ ಹೊರಟಿತು.

"ಛೇ, ದಿಮ್ಮಿ ಆಯ್ತಲ್ಲ" ಎನ್ನುತ್ತಾ ಅಧಿಕಾರಿ ಜೀಪು ಹತ್ತಿದರು. "ನಾಳೆ ಹಗ್ಗ ಕಟ್ಟಿಕೊಂಡು ಮರದ ಮೇಲೆ ಕೊಂಬೆ ಕೊಯ್ಯೋದು. ಹೇಗೆ ಅಂತ ರಾತ್ರಿ ಸ್ವಲ್ಪ ಯೋಚಿಸಿಡಿ, ನನಗೂ ಗೊತ್ತಿಲ್ಲ."