ಮೈಗೆ ಕೂತ ಹನ್ನೆರಡು ಅಂಗಿಗಳು

ಇಡೀ ಊರಿಗೆ ಅಂಗಿ ಹೊಲಿದುಕೊಟ್ಟ ಮನುಷ್ಯನ ಮಗಳು ಬೇರೆ ಯಾರದೋ ಅಂಗಿ ಹಾಕಿಕೊಂಡವಳ ಹಾಗೆ ಬೀದಿಯಲ್ಲಿ ಓಡಾಡಿದರೆ ಆ ಮನುಷ್ಯನ ಹೊಟ್ಟೆ ಎಷ್ಟು ಉರಿಯಬೇಕು, ನೀವೇ ಹೇಳಿ. ನಾನು ಇಪ್ಪತ್ತಾರು ವರ್ಷದಿಂದ ದರ್ಜಿ. ಅಂಗಡಿಯ ಬೋರ್ಡಿನ ಮೇಲೆ ‘ಮೈಗೆ ಕೂರದಿದ್ದರೆ ವಾಪಸ್’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. (ಇದುವರೆಗೆ ವಾಪಸ್ ಬಂದದ್ದು ಮೂರೇ ಮೂರು. ಆ ಮೂವರೂ ಅಳತೆ ಕೊಟ್ಟ ಮೇಲೆ ದಪ್ಪಗಾದವರು. ಅದಕ್ಕೆ ನಾನು ಹೊಣೆಯಲ್ಲ.)

ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ, ಶಾಲೆಯ ವಾಲಿಬಾಲ್ ತಂಡದ ಕ್ಯಾಪ್ಟನ್. ಅವಳು ಹಾಕುವ ಪ್ಯಾಂಟಿನೊಳಗೆ ಇನ್ನಿಬ್ಬರು ಬಾಡಿಗೆಗೆ ಇರಬಹುದು. ಅದರ ಅಂಚು ನೆಲದ ಮೇಲೆ ಎಳೆದಾಡುವುದರಿಂದ ನಮ್ಮ ಬೀದಿ ಸದಾ ಸ್ವಚ್ಛವಾಗಿರುತ್ತದೆ.

“ಪುಟ್ಟಿ, ಆ ಅಂಗಿಯ ಹೆಗಲು ನಿನ್ನ ಮೊಣಕೈಗೆ ಬಂದಿದೆಯಲ್ಲೇ. ಹತ್ತು ನಿಮಿಷ ಕೊಡು, ಸರಿಮಾಡ್ತೀನಿ.”

“ಅಪ್ಪಾ, ಅದು ಹಾಗೇ ಇರಬೇಕು. ಎಲ್ಲರೂ ಹಾಗೇ ಹಾಕೋದು.”

“ಎಲ್ಲರ ಹಾಗೆ ನೀನ್ಯಾಕೆ ಹಾಕ್ಬೇಕು?”

“ಬೇರೆ ಥರ ಕಾಣಬೇಕಲ್ಲಪ್ಪಾ!”

ಈ ಮಹಾತರ್ಕವನ್ನು ಅಳೆಯುವಷ್ಟು ಉದ್ದದ ಟೇಪು ನನ್ನ ಹತ್ತಿರ ಇರಲಿಲ್ಲ. ಆ ಶಾಲೆಯಲ್ಲಿ ಫ್ಯಾಷನ್ ಹುಟ್ಟುವುದೇ ವಾಲಿಬಾಲ್ ಅಂಗಳದಲ್ಲಿ. ಹಿಂದಿನ ವರ್ಷ ಒಬ್ಬ ಆಟಗಾರ್ತಿಯ ಕಿರುಬೆರಳು ಉಳುಕಿ ಡಾಕ್ಟರು ಬಿಳಿ ಪಟ್ಟಿ ಸುತ್ತಿದ್ದರು. ಒಂದೇ ವಾರದಲ್ಲಿ ನಾನೂರು ಕಿರುಬೆರಳುಗಳಿಗೆ ಪಟ್ಟಿ ಬಂತು. ಉಳುಕಿದವಳ ಬೆರಳು ವಾಸಿಯಾಗಿ ಅವಳು ಪಟ್ಟಿ ಬಿಚ್ಚಿದಾಗ, ‘ಹಳೇ ಕಾಲದವಳು’ ಎಂದು ಅವಳನ್ನೇ ಆಡಿಕೊಂಡರಂತೆ.

ಹೀಗಿರುವಾಗ ಶಾಲೆಯ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದು, ಫೈನಲ್ ಪಂದ್ಯಕ್ಕೆ ಹನ್ನೆರಡು ಜೆರ್ಸಿ ಹೊಲಿಯುವ ಕೆಲಸ ಒಪ್ಪಿಸಿದರು. ಎದುರಾಳಿ ಸೇತುವೆಯಾಚೆಯ ಶಾಲೆ. ಒಂಬತ್ತು ವರ್ಷದಿಂದ ಗೆದ್ದ ಕಪ್ ಅವರ ಗಾಜಿನ ಬೀರುವಿನಲ್ಲೇ ಠಿಕಾಣಿ ಹೂಡಿತ್ತು. ಆ ಸಂಜೆ ಮಗಳು ಒಂದು ಹಾಳೆ ತಂದು ನನ್ನ ಮೆಷಿನ್ನಿನ ಮೇಲಿಟ್ಟಳು. ಹಿಗ್ಗುವ ಬಟ್ಟೆ, ದೊಗಲೆ ಅಳತೆ, ತೊಡೆಯವರೆಗೆ ಉದ್ದ ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದಿದ್ದಳು.

“ಅಪ್ಪಾ, ಇದೊಂದು ಸಲ ನಾನು ಹೇಳಿದ ಹಾಗೆ ಹೊಲಿ. ನಂಗೆ ಇದೇ ಕೊನೇ ವರ್ಷ. ಈ ಸಲ ಸೋತ್ರೆ ಮತ್ತೆ ಆಡೋಕೆ ಚಾನ್ಸೇ ಇಲ್ಲ.”

ನಾನು ತಲೆಯಾಡಿಸಿದೆ. ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಸಾವಿರಾರು ಜನ ನೋಡುವ ಪಂದ್ಯ (ಸರಿ, ಮುನ್ನೂರು ಜನ). ಅಷ್ಟು ಕಣ್ಣುಗಳ ಮುಂದೆ ನನ್ನ ಹೊಲಿಗೆ ಗೋಣಿಚೀಲದ ಹಾಗೆ ನೇತಾಡುವುದೇ? ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಈ ಮಕ್ಕಳು ಮೈಗೆ ಕೂರುವ ಅಂಗಿಯನ್ನು ಕಂಡೇ ಇಲ್ಲ. ಒಮ್ಮೆ ತೊಟ್ಟು ನೋಡಿದರೆ ಈ ತಲೆಮಾರೇ ಉದ್ಧಾರವಾಗುತ್ತದೆ, ಅದೂ ನನ್ನ ಕೈಯಿಂದ!

ಹಿಗ್ಗುವ ಬಟ್ಟೆಗೆ ಬೆನ್ನೆಲುಬಿಲ್ಲ ಎಂದು ಅದನ್ನು ದೂರವಿಟ್ಟು, ಒಳ್ಳೆ ಗಟ್ಟಿ ಶರ್ಟಿನ ಬಟ್ಟೆಯನ್ನೇ ತಂದೆ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆಸಿ, ಎಂದಿನಂತೆ “ನೆಟ್ಟಗೆ ನಿಲ್ಲಮ್ಮಾ, ಕೈ ಇಳಿಬಿಡು” ಎಂದು ಕಾಲು ಇಂಚೂ ಬಿಡದೆ ಅಳತೆ ತೆಗೆದೆ. ಕಾಲರು ಇಟ್ಟೆ, ಮೂರು ಗುಂಡಿಗೆ ಗುರುತು ಹಾಕಿದೆ. ನನ್ನ ಅಂಗಡಿಯಲ್ಲಿ ಕಾಜಾ ಗುಂಡಿಯ ಖಾತೆ, ಅಂದರೆ ಗುಂಡಿಯ ತೂತು ಹೊಲಿದು ಗುಂಡಿ ಹಚ್ಚುವುದು, ಹೆಂಡತಿಯದು. ಅವಳು ಮೊದಲ ಅಂಗಿಯನ್ನು ಎತ್ತಿ ಹಿಡಿದು ನನ್ನನ್ನು ನೋಡಿದಳು.

“ರೀ, ಮಗು ಹೇಳಿದ್ದೇನು, ನೀವು ಹೊಲಿದಿರೋದೇನು?”

“ನೀನು ಕಾಜಾ ನೋಡ್ಕೋ. ಕಟಿಂಗ್ ವಿಷಯಕ್ಕೆ ಬರಬೇಡ.”

“ಇದನ್ನ ಹಾಕ್ಕೊಂಡು ಆಟ ಆಡ್ತಾರೋ, ಮದುವೆಗೆ ಹೋಗ್ತಾರೋ?”

“ಎರಡಕ್ಕೂ ಆಗುತ್ತೆ,” ಎಂದೆ. ಅವಳು ಹಲ್ಲಿನಿಂದ ದಾರ ಕಡಿದ ರೀತಿ ನೋಡಿದರೆ ಅದು ನನ್ನ ಕುತ್ತಿಗೆಯಾಗಿದ್ದರೆ ಚೆನ್ನಾಗಿತ್ತು ಎಂದುಕೊಂಡಂತಿತ್ತು.

ಟ್ರಯಲ್ ಕೊಟ್ಟರೆ ರಾದ್ಧಾಂತವಾಗುತ್ತದೆ ಎಂದು ಗೊತ್ತಿದ್ದದ್ದರಿಂದ, ಇಸ್ತ್ರಿ ಮಾಡಿದ ಅಂಗಿಗಳನ್ನು ಪಂದ್ಯಕ್ಕೆ ಕಾಲು ಗಂಟೆ ಇರುವಾಗ ಮೈದಾನಕ್ಕೇ ತಲುಪಿಸಿದೆ. ಮಗಳು ಪೊಟ್ಟಣ ಬಿಚ್ಚಿದಳು. ಕಣ್ಣು ಕೆಂಪಾಯಿತು. ಬೇರೆ ದಾರಿಯಿಲ್ಲದೆ ಹನ್ನೆರಡೂ ಮಂದಿ ಬನಿಯನ್ನಿನ ಮೇಲೆ ಅವನ್ನೇ ತೊಟ್ಟು ಫೋಟೋಗೆ ಸಾಲಾಗಿ ನಿಂತರು. ಆಹಾ! ಒಂದು ಸುಕ್ಕಿಲ್ಲ. ಹೆಗಲು ಹೆಗಲಿನಲ್ಲೇ ಇತ್ತು. ನನ್ನ ಕಣ್ಣಲ್ಲಿ ನೀರೇ ಬಂತು.

ಸೀಟಿ ಊದಿದರು. ಸರ್ವಿಸ್ ಮಾಡಲು ಮಗಳು ಕೈ ಎತ್ತಿದಳು. ಕೈ ಕಿವಿಯವರೆಗೆ ಹೋಗಿ ನಿಂತುಬಿಟ್ಟಿತು. ಇನ್ನಷ್ಟು ಎತ್ತಿದಳು. ಕೈಯ ಜೊತೆಗೆ ಇಡೀ ಅಂಗಿ ಮೇಲೆದ್ದು ಕಾಲರು ಅವಳ ಬಾಯಿ ಮುಚ್ಚಿತು. ಚೆಂಡು ನೆಟ್ಟಿನ ಬುಡದಲ್ಲಿ ಬಿತ್ತು. ಆಮೇಲೆ ನಡೆದದ್ದನ್ನು ಹೇಗೆ ವಿವರಿಸಲಿ? ನೆಟ್ಟಿನ ಬಳಿ ಮೂವರು ಹಾರಿದರು, ಆರು ಕೈಗಳೂ ಎದೆಯ ಮಟ್ಟದಲ್ಲೇ ಉಳಿದವು. ನಮ್ಮ ತಂಡ ಎದುರಾಳಿಗಳನ್ನು ಬಹಳ ವಿನಯದಿಂದ ಸ್ವಾಗತಿಸುತ್ತಿರುವಂತೆ ಕಂಡಿತು.

ಆಗ ನನಗೆ ಹೊಳೆಯಿತು. ಇಪ್ಪತ್ತಾರು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳಿದ್ದು ‘ಕೈ ಇಳಿಬಿಡಿ’ ಎಂದು ಮಾತ್ರ. ನನ್ನ ಗಿರಾಕಿಗಳೆಲ್ಲ ಗುಮಾಸ್ತರು, ಮೇಷ್ಟ್ರುಗಳು, ವಕೀಲರು. ಎರಡೂ ಕೈ ಮೇಲೆತ್ತುವ ಸಂದರ್ಭ ಅವರಿಗೆ ಬರುವುದು ಪೊಲೀಸರು ಕೇಳಿದರೆ ಮಾತ್ರ.

ಮೊದಲ ಸೆಟ್ಟು ಏಳು–ಇಪ್ಪತ್ತೈದಕ್ಕೆ ಹೋಯಿತು. ಮೂರರಲ್ಲಿ ಎರಡು ಗೆಲ್ಲಬೇಕು. ಮಗಳು ನಮ್ಮ ಬೆಂಚಿನ ಹತ್ತಿರ ಬಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಪ್ಪಾ, ಕೈ ಎತ್ತೋಕೇ ಆಗ್ತಿಲ್ಲಪ್ಪಾ,” ಎಂದಳು, ಚಿಕ್ಕವಳಿದ್ದಾಗ ಜ್ವರ ಬಂದರೆ ಹೇಳುತ್ತಿದ್ದ ದನಿಯಲ್ಲಿ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. “ಬನ್ರೇ ಇಲ್ಲಿ, ಸಾಲಾಗಿ ನಿಲ್ಲಿ. ಕೈ ಎತ್ತೇ!” ಎಂದವಳೇ ಮಗಳ ಕಂಕುಳಿಗೆ ಎರಡು ಬೆರಳು ತೂರಿಸಿ ಎಳೆದಳು. ಪರ್‍ರ್! ಇನ್ನೊಂದು ಕಡೆ, ಪರ್‍ರ್! ಹನ್ನೆರಡು ಅಂಗಿ, ಇಪ್ಪತ್ನಾಲ್ಕು ಕಂಕುಳು. ಪ್ರತಿಯೊಂದು ಸದ್ದಿಗೂ ನನ್ನ ಕರುಳೇ ಕಿತ್ತುಬಂದಂತಾಗುತ್ತಿತ್ತು. ನಡುವೆ ಒಮ್ಮೆ ಅವಳು ನನ್ನ ಕಡೆ ತಿರುಗಿ, “ಹೊಲಿಗೆ ಮಾತ್ರ ಗಟ್ಟಿಯಾಗಿದೆ ಕಣ್ರೀ,” ಎಂದಳು. ಆ ದಿನ ನನಗೆ ಸಿಕ್ಕ ಮೆಚ್ಚುಗೆ ಅದೊಂದೇ. ಡ್ರಿಲ್ ಮೇಷ್ಟ್ರು ಅಂಪೈರಿನ ಮುಖ ನೋಡಿದರು, ಅಂಪೈರು ನಿಯಮದ ಪುಸ್ತಕ ನೋಡಿದರು. ಅದರಲ್ಲಿ ಕಂಕುಳಿನ ಪ್ರಸ್ತಾಪವೇ ಇರಲಿಲ್ಲ.

ಮುಂದಿನ ಎರಡು ಸೆಟ್ಟುಗಳಲ್ಲಿ ಕಟ್ಟಿಹಾಕಿದ್ದ ಕೈಗಳು ಬಿಚ್ಚಿಕೊಂಡು, ಸಿಟ್ಟನ್ನೆಲ್ಲ ಚೆಂಡಿನ ಮೇಲೆ ತೀರಿಸಿದವು. ಕಡೆಯ ಪಾಯಿಂಟಿಗೆ ಮಗಳು ಹಾರಿ ಹೊಡೆದಾಗ ಹರಿದ ಬಗಲು ಬಾವುಟದಂತೆ ಪಟಪಟಿಸಿತು. ಗೆದ್ದೆವು! ಮಗಳು ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ನಾನೂ ಕೈ ಚಾಚಿಕೊಂಡು ನಿಂತಿದ್ದೆ, ಡ್ರಿಲ್ ಮೇಷ್ಟ್ರು ಬಂದು ತಬ್ಬಿಕೊಂಡರು.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಶಾಲೆಯ ಮಕ್ಕಳ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಅಂಗಿ. ಕೊನೆಗೂ ಈ ತಲೆಮಾರಿಗೆ ಜ್ಞಾನೋದಯವಾಯಿತು ಎಂದು ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೆ. ಮುಂದಿದ್ದ ಹುಡುಗಿ ಹೊಚ್ಚ ಹೊಸ ಅಂಗಿಯನ್ನು ಮೇಜಿನ ಮೇಲಿಟ್ಟಳು.

“ಅಂಕಲ್, ಕಂಕುಳು ಹರಿದುಕೊಡಿ.”

ಗಿರಾಕಿ ಕೇಳಿದ್ದನ್ನು ಇಲ್ಲ ಎನ್ನಲಾದೀತೇ? ಬ್ಲೇಡು ತೆಗೆದುಕೊಂಡು ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿ, ನೂಲು ಏಳದಂತೆ ಅಂಚು ಮಡಚಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮುಖ ಸಿಂಡರಿಸಿದಳು.

“ಇದು ತುಂಬಾ ನೀಟಾಗಿದೆ ಅಂಕಲ್. ಆಂಟಿ ಇಲ್ವಾ?”

ಆಂಟಿ ಬಂದಳು. ಪರ್‍ರ್! ಸಾಲಿನುದ್ದಕ್ಕೂ ಚಪ್ಪಾಳೆ ಬಿತ್ತು. ಬುಧವಾರದ ಹೊತ್ತಿಗೆ ಅರ್ಧ ಶಾಲೆಯ ಕಂಕುಳಿನಲ್ಲಿ ಗಾಳಿ ಆಡುತ್ತಿತ್ತು. ಗುರುವಾರ ಹೆಡ್‌ಮೇಡಮ್ಮು ಅದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿದರು. ಶುಕ್ರವಾರ ಉಳಿದರ್ಧ ಶಾಲೆಯೂ ಬಂತು. ಹೆಂಡತಿಗೆ ಬಿಡುವೇ ಇಲ್ಲದ್ದರಿಂದ ಕಾಜಾ ಗುಂಡಿಯ ಖಾತೆ ನನ್ನ ಹೆಗಲಿಗೆ ಬಿತ್ತು. ಸೂಜಿಗೆ ದಾರ ಪೋಣಿಸುತ್ತ ಮೂಲೆಯಲ್ಲಿ ಕೂತಿದ್ದೆ, ಸೇತುವೆಯಾಚೆಯ ಶಾಲೆಯ ಕೋಚು ಒಳಗೆ ಬಂದರು.

“ನಮ್ಮ ತಂಡಕ್ಕೂ ಹನ್ನೆರಡು ಬೇಕು. ಹುಡುಗೀರು ಹಟ ಹಿಡಿದಿದ್ದಾರೆ.”

ನಾನು ಸೂಜಿ ಬಿಸಾಕಿ ಎದ್ದೆ. “ಖಂಡಿತ ಸಾರ್! ಈ ಸಲ ಪಾಠ ಕಲಿತಿದ್ದೀನಿ. ಹಿಗ್ಗೋ ಬಟ್ಟೆ ತಂದು, ಬಗಲಲ್ಲಿ ಎರಡಿಂಚು ಸಡಿಲ ಬಿಟ್ಟು, ಕೈ ಎತ್ತಿಸಿಯೇ ಅಳತೆ ತೆಗೀತೀನಿ.”

“ಅಯ್ಯೋ, ಬೇಡ ಬೇಡ! ಸಡಿಲ ಇದ್ರೆ ಎಳೆದಾಗ ಆ ಪರ್‍ರ್ ಅನ್ನೋ ಸದ್ದೇ ಬರಲ್ಲವಂತೆ. ಹೋದ ಸಲ ಹಾಳು ಮಾಡಿದ್ರಲ್ಲ, ಥೇಟ್ ಹಾಗೇ ಹೊಲಿದುಕೊಡಿ.”

ನನ್ನ ಅಭಿಮಾನಕ್ಕೆ ಬೆಂಕಿ ಬಿತ್ತು. “ನೋಡಿ ಸಾರ್, ಇಪ್ಪತ್ತಾರು ವರ್ಷ ಮರ್ಯಾದೆಯಿಂದ ಮೆಷಿನ್ ತುಳಿದವನು ನಾನು. ಬೇಕೂಂತ ಹಾಳಾಗಿ ಹೊಲಿಯೋದು ನನ್ನ ಕೈಲಿ ಆಗಲ್ಲ!”

ಹೆಂಡತಿ ಹರಿಯುತ್ತಿದ್ದ ಅಂಗಿಯಿಂದ ತಲೆ ಎತ್ತದೆಯೇ ಸಮಾಧಾನ ಹೇಳಿದಳು:

“ಬೇಕೂಂತ ಯಾಕ್ರೀ ಹಾಳು ಮಾಡ್ತೀರಿ? ಯಾವಾಗಲೂ ಹೊಲಿಯೋ ಹಾಗೆ ಮನಸ್ಸಿಟ್ಟು ಹೊಲೀರಿ, ಅಷ್ಟೇ ಸಾಕು.”