ಬುದ್ಧಿಯ ಮಕ್ಕಳ ವಿಶೇಷ ವರ್ಗ

ಸರ್ಕಾರ ಬುದ್ಧಿವಂತರನ್ನು ಹುಡುಕಲು ಹೊರಟಾಗಲೆಲ್ಲ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹುಡುಕುವವರನ್ನು ಯಾರೂ ಮೊದಲು ಪರೀಕ್ಷಿಸುವುದಿಲ್ಲ, ಅದೇ ಕಾರಣವಿರಬೇಕು.

ಐವತ್ತರ ದಶಕದಲ್ಲಿ ನಾನು ಹುಣಸೂರಿನಲ್ಲಿ ಶಾಲಾ ಇನ್ಸ್‌ಪೆಕ್ಟರನಾಗಿದ್ದೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಎಂ.ಎ. ಮಾಡಿದ್ದೆ. ಅದು ಯಾರಿಗೂ ಬೇಕಾಗಿರಲಿಲ್ಲ. ಒಂದು ವರ್ಷ ಮಾತ್ರ ಇದ್ದಕ್ಕಿದ್ದಂತೆ ಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಪ್ರೈಮರಿ ಶಾಲೆಗಳಿಂದ ಹತ್ತು ಮಂದಿ ಅತಿ ಚುರುಕಾದ ಮಕ್ಕಳನ್ನು ಆರಿಸಿ, ಹುಣಸೂರಿನಲ್ಲಿ ಊಟ, ವಸತಿ ಕೊಟ್ಟು, ವಿಶೇಷ ವರ್ಗವೊಂದರಲ್ಲಿ ಓದಿಸಬೇಕೆಂದು ಮೇಲಿನವರಿಗೆ ಹೊಳೆದಿತ್ತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂಬತ್ತು ಜಾಗಗಳು ಬೇಗ ತುಂಬಿದವು. ಹತ್ತನೆಯದನ್ನು ಒಬ್ಬ ಹುಡುಗಿಗೆ ಕೊಡಿಸಲು ನಾನು ಪಟ್ಟ ಪಾಡಿನ ಕಥೆ ಇದು. ಅವಳದು ಅಂತರಸಂತೆಯ ಆಚೆ ಕಾಡಂಚಿನ ಹಳ್ಳಿ. ಅಪ್ಪ ಊರ ಪಟೇಲರ ಮನೆಯ ಆಳು. ಆ ಊರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಜಾಗ ಸಿಗದಿದ್ದರೆ ಜೂನ್ ತಿಂಗಳಿಂದ ಅವಳು ಪಟೇಲರ ಕೊಟ್ಟಿಗೆಯಲ್ಲಿ ಸಗಣಿ ಬಾಚಬೇಕು. ಅವಳ ಅಕ್ಕ ಆಗಲೇ ಅಲ್ಲಿದ್ದಳು. ಆ ಅಕ್ಕನೂ ಕ್ಲಾಸಿಗೆ ಮೊದಲಿಗಳಾಗಿದ್ದಳಂತೆ.

೧. ಆಯ್ದ ಮುತ್ತುಗಳು

ಮೊದಲು ಎಲ್ಲ ಹೆಡ್ ಮಾಸ್ಟರರಿಗೂ ಪತ್ರ ಬರೆದೆ: ನಿಮ್ಮ ನಾಲ್ಕನೇ ಕ್ಲಾಸಿನ ಅತ್ಯುತ್ತಮ ಇಬ್ಬರ ಹೆಸರು ಕಳುಹಿಸಿ.

ಕೆ.ಆರ್. ನಗರದ ಕಡೆಯ ಒಂದು ಶಾಲೆಯಿಂದ ಎರಡು ಹೆಸರು ಬಂದವು. ಸೈಕಲ್ ತುಳಿದುಕೊಂಡು ಹೋಗಿ ನೋಡಿದೆ. ಇಬ್ಬರಿಗೂ ಮೀಸೆ ಮೂಡುತ್ತಿತ್ತು. ಒಬ್ಬ ನಾಲ್ಕನೇ ಕ್ಲಾಸಿನಲ್ಲಿ ಮೂರನೆಯ ಸಲ ಕೂತಿದ್ದ. ಇನ್ನೊಬ್ಬ ಎಷ್ಟನೆಯ ಸಲ ಎಂಬುದನ್ನು ಮೇಷ್ಟ್ರು ಮರೆತಿದ್ದರು.

"ಇವರು ಅತ್ಯುತ್ತಮರೇನ್ರೀ?" ಎಂದೆ.

ಹೆಡ್ ಮಾಸ್ಟರರು ನನ್ನನ್ನು ಮರದ ಹಿಂದಕ್ಕೆ ಕರೆದೊಯ್ದು ತಗ್ಗಿದ ದನಿಯಲ್ಲಿ ಹೇಳಿದರು: "ಸಾರ್, ಓದೋ ಮಕ್ಕಳು ನನ್ನ ಹತ್ರ ಇರೋದೇ ಇಬ್ಬರು. ಅವರನ್ನೂ ನೀವು ತಗೊಂಡು ಹೋದ್ರೆ, ಇನ್ಸ್‌ಪೆಕ್ಷನ್‌ಗೆ ನೀವು ಬಂದ ದಿನ ನಿಮ್ಮೆದುರಿಗೆ ಯಾರನ್ನ ನಿಲ್ಲಿಸಲಿ?"

ಆ ಇಬ್ಬರನ್ನು ನಾನು ಆ ದಿನ ನೋಡಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು.

೨. ಸರಿಯಾದ ಉತ್ತರ

ಪರೀಕ್ಷೆಯ ಪ್ರಶ್ನೆಗಳು ವಿಲಾಯತಿಯ ಪುಸ್ತಕವೊಂದರಿಂದ ಕನ್ನಡಕ್ಕೆ ಬಂದಿದ್ದವು. ಸರಿಯುತ್ತರಗಳ ಪಟ್ಟಿಯೂ ಜೊತೆಗೇ ಬಂದಿತ್ತು. ಆ ಪಟ್ಟಿಯನ್ನು ನಮ್ಮ ಕಚೇರಿಯ ಗುಮಾಸ್ತರು ಎದೆಗವಚಿಕೊಂಡು ನನ್ನ ಜೊತೆ ಊರೂರು ತಿರುಗಿದರು. ಅಂತರಸಂತೆಯ ಆಚೆಯ ಆ ಹಳ್ಳಿಗೆ ನಾವು ಹೋದದ್ದು ಸಂತೆಯ ದಿನ. ಶಾಲೆಯಲ್ಲಿ ಇದ್ದವರು ಆರೇ ಮಂದಿ.

ಪಟೇಲರ ಮಗ ಸ್ಲೇಟಿನ ಮೇಲೆ ಎಲ್ಲ ಪ್ರಶ್ನೆಗಳಿಗೂ ಅಪ್ಪನ ಹೆಸರು ಬರೆದಿದ್ದ. ಆ ಊರಿನಲ್ಲಿ ಆ ಉತ್ತರ ಅಲ್ಲಿಯವರೆಗೆ ಎಲ್ಲೂ ತಪ್ಪಾಗಿರಲಿಲ್ಲ.

ಆಮೇಲೆ ಹುಡುಗಿ ಬಂದಳು. ಹೊಗೆ ಗೂಡು ಇಲ್ಲದ ಮನೆಯ ಚಿತ್ರ ತೋರಿಸಿ, "ಈ ಮನೆಯಲ್ಲಿ ಏನು ಕಡಿಮೆಯಾಗಿದೆ?" ಎಂದೆ.

ಬಹಳ ಹೊತ್ತು ನೋಡಿದಳು. "ಏನೂ ಕಮ್ಮಿ ಇಲ್ಲ ಕಣ್ ಸಾ. ನಮ್ದುಕಿಂತ ಚೆಂದಾಗದೆ."

"ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತೀ?"

"ತಪ್ಪಕ್ಕಿಲ್ಲ ಸಾ."

"ತಪ್ಪಿತು ಅಂದುಕೋ."

"ನಿಮ್ಗೆ ತಪ್ತದೆ ಸಾ. ನಾನೇ ಬಂದು ಕರ್ಕ ಬತ್ತೀನಿ."

ಪಟ್ಟಿಯ ಪ್ರಕಾರ ಆಕೆ ಪೊಲೀಸಿನವನನ್ನು ಕೇಳಬೇಕಾಗಿತ್ತು. ಗುಮಾಸ್ತರು ಸೊನ್ನೆ ಹಾಕಿದರು.

"ಮನೆಗೆ ಬೆಂಕಿ ಬಿದ್ದರೆ ಏನು ಮಾಡಬೇಕು?"

"ಯಾರ ಮನೇಗೆ ಸಾ?"

"ಯಾರದಾದರೇನು?"

"ನಮ್ದಾದ್ರೆ ನಾವೇ ನೀರು ಉಯ್ಕತೀವಿ. ಪಟೇಲ್ರದಾದ್ರೆ ಆರ್ಸಕ್ಕೆ ನಮ್ಮಪ್ಪನ್ನ ಕರೀತಾರೆ. ಆರಿದ್ಮೇಲೆ, ಅಚ್ಚಿದ್ದು ಯಾರ್ಲಾ ಅಂತ ನಮ್ಮಪ್ಪನ್ನೇ ಕೇಳ್ತಾರೆ."

ಪಟ್ಟಿಯಲ್ಲಿದ್ದ ಉತ್ತರ: ಟೆಲಿಫೋನು ಮಾಡಬೇಕು. ಅಲ್ಲಿಂದ ಟೆಲಿಫೋನು ಇರುವ ಜಾಗ ಮುಟ್ಟುವಷ್ಟರಲ್ಲಿ ಆ ಊರನ್ನೇ ಎರಡು ಸಲ ಸುಟ್ಟು ಮತ್ತೆ ಕಟ್ಟಬಹುದಾಗಿತ್ತು. ಗುಮಾಸ್ತರು ಮತ್ತೊಂದು ಸೊನ್ನೆ ಹಾಕಿದರು.

ಕೊನೆಗೆ ಲೆಕ್ಕ. ಏಳು ಆಳುಗಳು ಒಂದು ಗೋಡೆಯನ್ನು ಎಂಟು ದಿನದಲ್ಲಿ ಕಟ್ಟಿದರೆ, ಹದಿನಾಲ್ಕು ಆಳುಗಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ? ನಾನು ಮುಗಿಸುವ ಮೊದಲೇ ಉತ್ತರ ಬಂತು: "ಪಟೇಲ್ರು ನಿಂತಿದ್ರೆ ನಾಕು. ಅತ್ಲಾಗೆ ವೋದ್ರೆ ಎಂಟೇ."

ನಾನು ಗುಮಾಸ್ತರ ಕೈಯಿಂದ ಪಟ್ಟಿ ಕಿತ್ತುಕೊಂಡು ಕೆಂಪು ಶಾಯಿಯಲ್ಲಿ ಎಲ್ಲ ಉತ್ತರಗಳನ್ನೂ ತಿದ್ದಿ ರುಜು ಹಾಕಿದೆ. ಹುಡುಗಿಗೆ ಪೂರ್ತಿ ಅಂಕ ಬಂತು. ಗುಮಾಸ್ತರು ಕಣ್ಣೀರು ಹಾಕುವುದೊಂದು ಬಾಕಿ. "ಮಕ್ಕಳ ತಪ್ಪು ತಿದ್ದೋ ಇನ್ಸ್‌ಪೆಕ್ಟರನ್ನ ನೋಡಿದೀನಿ ಸಾರ್," ಎಂದರು. "ಸರ್ಕಾರದ ತಪ್ಪು ತಿದ್ದೋರು ಈ ಇಲಾಖೇಲಿ ಬಹಳ ದಿನ ಇರಲ್ಲ."

ಅವರು ಹೇಳಿದ್ದು ನಿಜವಾಯಿತು. ಅದು ಬೇರೆ ಮಾತು.

೩. ಕಿವಿಯ ಲೆಕ್ಕ

ಅಂಕ ಬಂದರೆ ಸಾಲದು, ವಯಸ್ಸು ಹತ್ತು ದಾಟಿರಬಾರದು. ಶಾಲೆಯ ರಿಜಿಸ್ಟರಿನಲ್ಲಿ ಹುಡುಗಿಯ ವಯಸ್ಸು ಹನ್ನೊಂದು ಎಂದಿತ್ತು. ನೋಡಿದರೆ ಒಂಬತ್ತು ಅನ್ನುವುದೂ ಕಷ್ಟ.

ಆ ಊರಿನ ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು. ಅವರನ್ನು ಕೇಳಿದೆ. ಅವರು ತಮ್ಮ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿದು ತೋರಿಸಿದರು. ಹೀಗೆ ಕಿವಿ ಸಿಕ್ಕಿದರೆ ಮಗುವಿಗೆ ಆರು ತುಂಬಿತೆಂದು ಲೆಕ್ಕ, ಶಾಲೆಯ ಶಿಶುವರ್ಗಕ್ಕೆ ಸೇರಿಸುತ್ತಿದ್ದರು. ಈ ಹುಡುಗಿ ಅಕ್ಕನ ಹಿಂದೆ ಸುಮ್ಮನೆ ಬಂದವಳು ತಾನೂ ಕೈ ಹಾಯಿಸಿ ಕಿವಿ ಹಿಡಿದಿದ್ದಳು. ನಾಲ್ಕು ವರ್ಷದ ಕೂಸನ್ನು ಮೇಷ್ಟ್ರು ಆರು ಎಂದು ಬರೆದುಕೊಂಡಿದ್ದರು.

"ಕೈ ಉದ್ದ ಇತ್ತು ಸಾರ್. ನಾನೇನು ಮಾಡಲಿ?"

ಅವಳ ಅಪ್ಪನನ್ನು ಕರೆಸಿದೆ. ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದೆ.

"ದೊಡ್ಡವಳು ಉಟ್ಟಿದ್ಮೇಲೆ ಕಣ್ ಸಾ."

"ದೊಡ್ಡವಳು ಹುಟ್ಟಿದ್ದು ಯಾವಾಗ?"

"ಇವ್ಳಿಗಿಂತ ಮೊದ್ಲು."

ಇದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಕೊನೆಗೆ ಅಪ್ಪ ಮಗಳಿಬ್ಬರನ್ನೂ ಎಚ್.ಡಿ. ಕೋಟೆಗೆ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿದೆ. ಡಾಕ್ಟರು ಹುಡುಗಿಯ ಬಾಯಿ ತೆರೆಸಿ, ಹಲ್ಲು ಎಣಿಸಿ, ಒಂಬತ್ತು ವರ್ಷ ಎಂದು ಸರ್ಟಿಫಿಕೇಟು ಬರೆದರು.

ಅಪ್ಪ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹೊರಗೆ ಬಂದ ಮೇಲೆ ಸಮಾಧಾನದಿಂದ ಹೇಳಿದ: "ಎತ್ತಿನ ಲೆಕ್ಕವೇ ಅನ್ನಿ ಸಾ. ನಾನು ಏನೇನೋ ಅಂದ್ಕಂಡಿದ್ದೆ."

೪. ನಿನ್ನ ಹೆಸರೇನು?

ಆಯ್ಕೆ ಸಮಿತಿಯೊಂದಿತ್ತು. ತಾಲ್ಲೂಕಿಗೊಬ್ಬರು ಗಣ್ಯರು. ನಾನು ಕಾರ್ಯದರ್ಶಿ, ಅಂದರೆ ಕುರ್ಚಿ ಇಲ್ಲದವನು.

ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮಗ ಸಂದರ್ಶನಕ್ಕೆ ಬಂದ. ತಲೆಗೆ ಎಣ್ಣೆ, ಕೊರಳಿಗೆ ಟೈ. ಮೊದಲ ಪ್ರಶ್ನೆಯನ್ನು ಅಧ್ಯಕ್ಷರೇ ಪ್ರೀತಿಯಿಂದ ಕೇಳಿದರು: "ನಿನ್ನ ಹೆಸರೇನಪ್ಪಾ?"

ಹುಡುಗ ನೆಟ್ಟಗೆ ನಿಂತು ಹೇಳಿದ: "ಹೊಗೆ ಗೂಡು."

"ಅಪ್ಪನ ಹೆಸರು?"

"ಪೊಲೀಸಿನವನನ್ನು ಕೇಳಬೇಕು."

"ಯಾವ ಊರು ಮಗೂ?"

"ಟೆಲಿಫೋನು ಮಾಡಬೇಕು."

ಉತ್ತರಗಳ ಪಟ್ಟಿ ಅವನ ಮನೆಗೆ ಮೊದಲೇ ಹೋಗಿತ್ತು. ತಿದ್ದಿದ್ದಲ್ಲ, ಹಳೆಯದು. ಗುಮಾಸ್ತರು ಗೋಡೆ ನೋಡುತ್ತಿದ್ದರು. ನಾನು ಇವನನ್ನು ಕಳುಹಿಸಿಬಿಡೋಣ ಎಂದೆ. ಅಧ್ಯಕ್ಷರಿಗೆ ಕೋಪ ಬಂತು.

"ಏನ್ರೀ ನೀವು? ಹುಡುಗ ಮೂರೂ ಉತ್ತರಾನ ಒಂದಕ್ಷರ ತಪ್ಪದೆ ಹೇಳಿದಾನೆ. ಪ್ರಶ್ನೆ ಸರಿಯಾಗಿ ಕೇಳೋಕೆ ನಮಗೆ ಬರಲಿಲ್ಲ ಅಂದ್ರೆ ಅವನದೇನು ತಪ್ಪು?"

ಅವನು ಒಂಬತ್ತನೆಯವನಾಗಿ ಆಯ್ಕೆಯಾದ. ಹತ್ತನೆಯ ಜಾಗ ಕೋಟೆ ತಾಲ್ಲೂಕಿನ ಪಾಲಿನದು, ಅಲ್ಲಿಂದ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಊಟದ ಹೊತ್ತು ಮೀರಿತ್ತು. ಹುಡುಗಿಯ ಹೆಸರಿಗೆ ಸಮಿತಿ ತಲೆಯೆತ್ತದೆ ರುಜು ಹಾಕಿತು. ನಾಲ್ಕು ತಾಲ್ಲೂಕುಗಳಲ್ಲಿ ಪ್ರತಿಭೆಗೆ ಸಿಕ್ಕ ಮನ್ನಣೆಯೆಲ್ಲ ಹಸಿವಿನ ಪುಣ್ಯ.

೫. ಬುದ್ಧಿ ಅಂದರೆ ಯಾರು?

ಆಯ್ಕೆಯ ಆದೇಶವನ್ನು ಗುಮಾಸ್ತರು ತಮ್ಮದೇ ಕನ್ನಡದಲ್ಲಿ ಬರೆದರು: "ಬುದ್ಧಿಯ ಮಕ್ಕಳ ವಿಶೇಷ ವರ್ಗಕ್ಕೆ ನಿಮ್ಮ ಗ್ರಾಮದಿಂದ ಸದರಿ ಹುಡುಗಿಯನ್ನು ಸೋಮವಾರ ಸಂಜೆ ಐದು ಗಂಟೆಯೊಳಗಾಗಿ ಕಳುಹಿಸತಕ್ಕದ್ದು. ತಪ್ಪಿದಲ್ಲಿ ಜಾಗ ರದ್ದು." ಕೆಳಗೆ, ಗ್ರಾಮದ ಗಣ್ಯರಿಂದ ನಡತೆಯ ಸರ್ಟಿಫಿಕೇಟು ತರಬೇಕೆಂದು ಸೇರಿಸಿದರು. ನಾನು ಓದಿ ರುಜು ಹಾಕಿದೆ. ಓದಿದವನಿಗೆ ಏನೂ ಹೊಳೆಯಲಿಲ್ಲ.

ಆ ಸೀಮೆಯಲ್ಲಿ ಆಳು ಧಣಿಯನ್ನು ಕರೆಯುವುದು 'ಬುದ್ಧಿ' ಎಂದು. "ಬಂದೆ ಬುದ್ಧಿ", "ಆಗ್ಲಿ ಬುದ್ಧಿ", "ತೆಪ್ಪಾಯ್ತು ಬುದ್ಧಿ". ದಿನಕ್ಕೆ ನೂರು ಸಲ.

ಸೋಮವಾರ ಬೆಳಿಗ್ಗೆಯೇ ಒಂಬತ್ತು ಮಂದಿ ಬಂದು ಸೇರಿದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಗುಮಾಸ್ತರು ಹತ್ತನೆಯ ಹೆಸರಿನ ಮೇಲೆ ಗೀಟೆಳೆಯಲು ರೂಲರ್ ತೆಗೆದಿಟ್ಟುಕೊಂಡರು. ಆಗ ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದು ಮೆರವಣಿಗೆ ಬಂತು. ಮುಂದೆ ಪಟೇಲರು, ಅವರ ಹಿಂದೆ ಹೊಸ ಅಂಗಿಯ ಮಗ, ಅವನ ಹಿಂದೆ ಟ್ರಂಕು ಹೊತ್ತುಕೊಂಡು ಹುಡುಗಿಯ ಅಪ್ಪ, ಕೊನೆಯಲ್ಲಿ ಹಾಸಿಗೆಯ ಸುರುಳಿ ಹೊತ್ತ ಹುಡುಗಿ.

ಪಟೇಲರು ಕೂತು ಬೆವರು ಒರೆಸಿಕೊಂಡರು. "ಮಗನ್ನ ಕರ್ಕ ಬಂದಿವ್ನಿ ಸ್ವಾಮಿ. ಈ ಕೂಸೂ ಬಂದದೆ. ಇವನ ಬಟ್ಟೆಬರೆ ಒಗ್ಕಂಡು ತಟ್ಟೆ ತೊಳ್ಕಂಡು ಇರ್ತದೆ. ಬುದ್ಧಿ ಮಕ್ಕಳ ಜೊತೆಗೆ ಆಳನ್ನೂ ಎಸ್ರಿಡಿದು ಕಳ್ಸಿ ಅಂತ ಸರ್ಕಾರವೇ ಬರೀತದೆ ಅಂದ್ರೆ, ಪರ್ವಾಗಿಲ್ಲ ಕಣ್ರೀ ಈ ಸರ್ಕಾರ."

ಊರಿನ ಚಾವಡಿಯಲ್ಲಿ ಮೇಷ್ಟ್ರು ಆದೇಶ ಓದಿದ್ದರಂತೆ. ಎಲ್ಲರಿಗೂ ಹೀಗೇ ಅರ್ಥವಾಗಿತ್ತು. ಮೇಷ್ಟ್ರು ಪಟೇಲರ ಜಗುಲಿಯಲ್ಲೇ ವಾಸವಾಗಿದ್ದರು. ಅವರಿಗೂ ಹೀಗೇ ಅರ್ಥವಾಯಿತು.

ಜಾಗ ಸಿಕ್ಕಿರುವುದು ಹುಡುಗಿಗೆ, ನಿಮ್ಮ ಮಗನ ಹೆಸರು ಎಲ್ಲೂ ಇಲ್ಲ ಎಂದೆ.

"ಎಂಗಿಲ್ಲ? 'ಬುದ್ಧಿಯ ಮಕ್ಕಳು' ಅಂತ ಬರ್ದಿಲ್ವಾ?"

"ಬುದ್ಧಿ ಅಂದರೆ ತಲೆಯಲ್ಲಿ ಇರುವುದು ಪಟೇಲರೇ."

"ನಿಮ್ಮೂರಲ್ಲಿ ಎಲ್ಲಿರ್ತದೋ ನನ್ಗೊತ್ತಿಲ್ಲ," ಎಂದು ಮೇಜು ಗುದ್ದಿದರು. "ನಮ್ಮೂರಲ್ಲಿ ಬುದ್ಧಿ ಅಂದ್ರೆ ನಾನೇ ಕಣ್ರೀ!"

ಗುಮಾಸ್ತರಿಗೆ ದಾರಿ ಕಂಡಿತು. ನಡತೆಯ ಸರ್ಟಿಫಿಕೇಟು ಎಲ್ಲಿ, ಅದಿಲ್ಲದೆ ಹುಡುಗಿಯನ್ನು ಸೇರಿಸುವಂತಿಲ್ಲ ಎಂದರು. ಆ ಊರಿನಲ್ಲಿ ಗಣ್ಯರು ಎಂದರೆ ಪಟೇಲರೊಬ್ಬರೇ. ಪಟೇಲರು ಮೊದಲ ಸಲ ನಕ್ಕರು.

ಹುಡುಗಿ ಹಾಸಿಗೆಯನ್ನು ನೆಲಕ್ಕಿಟ್ಟು, ಸೊಂಟದಿಂದ ಮಡಿಸಿದ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದಳು. ಪಟೇಲರದೇ ಕೈಬರಹ: "ಇವಳು ನಮ್ಮ ಮನೆ ಆಳಿನ ಮಗಳು. ಕದಿಯುವುದಿಲ್ಲ. ಹೇಳಿದ ಕೆಲಸ ಮಾಡುತ್ತಾಳೆ. ಎದುರು ಮಾತಾಡುವುದಿಲ್ಲ. ಬಹಳ ನಂಬಿಕಸ್ಥಳು." ಕೆಳಗೆ ರುಜು, ಮೊಹರು.

"ಅದ ಕೊಡಿ ಇಲ್ಲಿ. ಆಳಿಗೆ ಅಂತ ಬರ್ದಿದ್ದು ಅದು," ಎಂದರು ಪಟೇಲರು. ಕಾಗದ ಸರ್ಕಾರದ್ದಾಯಿತು ಎಂದು ಹೇಳಿ ಫೈಲಿಗೆ ಸೇರಿಸಿ, ರಿಜಿಸ್ಟರಿನಲ್ಲಿ ಹುಡುಗಿಯ ಹೆಸರು ಬರೆದೆ. ಐದಕ್ಕೆ ಇನ್ನೂ ಎಂಟು ನಿಮಿಷವಿತ್ತು.

"ಆದೇಶ ನೀನು ಓದಿದ್ದೆಯೇನೇ?" ಎಂದು ಅವಳನ್ನು ಕೇಳಿದೆ.

"ಓದಿದ್ದೆ ಸಾ. ಮೂರ್ ಸಲ."

"ಮತ್ತೆ ಊರಲ್ಲೇ ಯಾಕೆ ಹೇಳಲಿಲ್ಲ?"

"ಯೋಳಿದ್ರೆ ಉಣಸೂರ್ಗಂಟ ನನ್ನ ಯಾರ್ ಕರ್ಕ ಬರೋರು ಸಾ?"

ಪಟೇಲರು ಎದ್ದರು. ಹುಡುಗಿಯ ಕಡೆ ನೋಡಲಿಲ್ಲ. ಅವಳ ಅಪ್ಪನಿಗೆ ಹೇಳಿದರು: "ನಾಳಿಂದ ನೀನೂ, ನಿನ್ ದೊಡ್ ಮಗಳೂ ನಮ್ ಹೊಸ್ತಿಲು ತುಳೀಬೇಡಿ ಕಣ್ಲಾ. ಈಗ ಎತ್ತು ಟ್ರಂಕ." ಮಗನ ಕೈ ಹಿಡಿದು ಗೇಟಿನಾಚೆ ಹೋಗಿ ನಿಂತರು.

ಅಪ್ಪ ಟ್ರಂಕು ತಲೆಗೇರಿಸಿಕೊಂಡ. ಅದರ ಮೇಲೆ ಹಾಸಿಗೆ ಸುರುಳಿ ಇಟ್ಟುಕೊಂಡ. ಬಾಗಿಲವರೆಗೆ ಹೋದವನು ಮೆಲ್ಲಗೆ ತಿರುಗಿ ಬಂದ.

"ಸಾ, ಒಂದ್ ಮಾತು. ಕೂಸು ಇನ್ಮೇಲೆ ಬುದ್ಧಿ ಮಕ್ಕಳ ಸಾಲಿಗೆ ಸೇರ್ಕತ್ತು. ರಜಕ್ಕೆ ಅಟ್ಟಿಗೆ ಬಂದ್ರೆ ನಾನು ಕುಂತಿರ್ಬೋದಾ, ಇಲ್ಲ ಎದ್ ನಿಂತ್ಕಬೇಕಾ?"

ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಮಾಡುತ್ತಿರಲಿಲ್ಲ. ಹುಡುಗಿ ಮುಂದೆ ಬಂದಳು.

"ಅಪ್ಪ, ಮೊದ್ಲು ಆ ಟ್ರಂಕ ಇಳ್ಸು. ಕೆಲ್ಸದಿಂದ ತೆಗ್ದಾಯ್ತಲ್ಲ, ಇನ್ನೂ ಯಾಕೆ ಒತ್ಕಂಡಿದ್ದೀ?"

"ತೆಗ್ದಿರದು ನಾಳಿಂದ ಕಣವ್ವ," ಎಂದ ಅಪ್ಪ, ಟ್ರಂಕನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ. "ಇವತ್ತೊಂದಿನ ಇನ್ನೂ ಕೆಲ್ಸದಲ್ಲೇ ಇವ್ನಿ."